ಅಂಜಿಕೆಯ ನಡುವೆ ಹೆಜ್ಜೆಯಿಟ್ಟ ಕಾಶಿಯ ಪಂಡಿತ
ನೀಲಕಂಠ ಶಾಸ್ತ್ರಿ ನೆಹೆಮೀಯ ಗೋರೆ ಆದ ಕಥೆ. ಕರಾವಳಿಯ ಇಬ್ಬರ ನೆನಪಿನೊಂದಿಗೆ

ಕಾಶಿ ಎಂದಾಕ್ಷಣ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು ವಿಶ್ವನಾಥನ ಸನ್ನಿಧಿ, ಗಂಗಾಸ್ನಾನ, ಹಿರಿಯರ ಅಸ್ಥಿ ವಿಸರ್ಜನೆ. ಮಹಾನಗರಿ ಎಕ್ಸ್‌ಪ್ರೆಸ್ ಹಿಡಿದು ಹೊರಡುವ ನಮ್ಮವರು ಜಂಗಮವಾಡಿ ಮಠದಲ್ಲೋ ಪರಿಚಯದವರ ಛತ್ರದಲ್ಲೋ ಇಳಿದುಕೊಂಡು, ಘಾಟುಗಳಲ್ಲಿ ಸುತ್ತಾಡಿ, ಗಂಗಾಜಲದ ತಂಬಿಗೆಯೊಂದಿಗೆ ಮರಳುವುದು ವಾಡಿಕೆ. ಅದೇ ಊರಿನ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಸಿಗ್ರಾ ಎಂಬ ಬಡಾವಣೆಯಿದೆ. ಸುಮಾರು 180 ವರ್ಷಗಳ ಹಿಂದೆ ಅಲ್ಲಿದ್ದ ಮಿಶನ್ ಕೇಂದ್ರಕ್ಕೆ ಬಂದು ವಾದ ಹೂಡಿದ ಒಬ್ಬ ತರುಣ ಪಂಡಿತನ ಹೆಸರು ಮಾತ್ರ ಯಾತ್ರಿಕರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಅವರೇ ನೀಲಕಂಠ ಶಾಸ್ತ್ರಿ ಗೋರೆ. ಮುಂದೆ ನೆಹೆಮೀಯ ಗೋರೆ ಎಂದು ಪ್ರಸಿದ್ಧರಾದವರು. ನಂಬಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಂದು, ಅದಕ್ಕೆ ಎಲ್ಲರೆದುರು ಬದ್ಧನಾಗಿ ನಿಲ್ಲುವುದು ಇನ್ನೊಂದು. ಈ ಎರಡರ ನಡುವಿನ ದಾರಿಯಲ್ಲಿ ಮನುಷ್ಯನನ್ನು ಕಾಡುವ ಅಂಜಿಕೆ ಎಂಥದ್ದು, ಅದನ್ನು ದಾಟುವುದು ಹೇಗೆ ಎಂಬುದಕ್ಕೆ ಗೋರೆಯವರ ಬದುಕಿಗಿಂತ ಉತ್ತಮ ಉದಾಹರಣೆ ಸಿಗುವುದು ಅಪರೂಪ. ಅವರು ಕೊನೆಯುಸಿರೆಳೆದದ್ದು ಇದೇ ಮುಂಬಯಿಯಲ್ಲಿ ಎಂಬುದು ಇಲ್ಲಿ ಉಲ್ಲೇಖನೀಯ.

ಖಂಡಿಸಲು ಬಂದವರು

ಗೋರೆಯವರು ಹುಟ್ಟಿದ್ದು 1825ರಲ್ಲಿ, ಝಾನ್ಸಿ ಸೀಮೆಯಲ್ಲಿ. ಕೊಂಕಣಸ್ಥ ಚಿತ್ಪಾವನ ಬ್ರಾಹ್ಮಣ ಮನೆತನ. ಹಿರಿಯರು ಬಾಜಿರಾವ್ ಪೇಶ್ವೆಯ ಸಂತತಿಯವರಾದ ಬಾಂದಾ ನವಾಬರ ಸೇವೆಯಲ್ಲಿದ್ದವರು. ಕುಟುಂಬ ಕಾಶಿಯಲ್ಲಿ ನೆಲೆಸಿದ್ದರಿಂದ ಬಾಲಕ ನೀಲಕಂಠನಿಗೆ ಸಂಸ್ಕೃತ, ವ್ಯಾಕರಣ, ನ್ಯಾಯಶಾಸ್ತ್ರಗಳ ಅಭ್ಯಾಸ ಎಳವೆಯಲ್ಲೇ ದೊರೆಯಿತು. ಊರು ಬಿಟ್ಟು ಹೋದ ಮರಾಠಿ ಮನೆತನವೊಂದು ಪರಸ್ಥಳದಲ್ಲಿ ತನ್ನ ಆಚಾರವಿಚಾರಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಊರಿನಿಂದ ದೂರ ಬಂದು ನೆಲೆಸಿದವರಿಗೆಲ್ಲ ಅದರ ಅನುಭವ ಇದ್ದೇ ಇದೆ.

ಆ ಕಾಲದಲ್ಲಿ ಚರ್ಚ್ ಮಿಶನರಿ ಸೊಸೈಟಿಯ ವಿಲಿಯಂ ಸ್ಮಿತ್ ಎಂಬ ಪಾದ್ರಿ ಕಾಶಿಯ ಪೇಟೆಬೀದಿಗಳಲ್ಲಿ ಕ್ರೈಸ್ತ ಬೋಧನೆ ಮಾಡುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕೆಂದೇ ತರುಣ ನೀಲಕಂಠ ಶಾಸ್ತ್ರಿ ಅವರನ್ನು ಕಂಡದ್ದು. ಇತ್ತ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ ಹಾಗೂ ಸಂಸ್ಕೃತ ವಿದ್ವಾಂಸ ಜಾನ್ ಮ್ಯೂರ್ 1839ರಲ್ಲಿ ಸಂಸ್ಕೃತದಲ್ಲಿಯೇ ‘ಮತಪರೀಕ್ಷಾ’ ಎಂಬ ಗ್ರಂಥ ಬರೆದು ಕ್ರೈಸ್ತ ಮತವನ್ನು ಸಮರ್ಥಿಸಿದ್ದರು. ಅದಕ್ಕೆ ಉತ್ತರ ಕೊಟ್ಟ ಮೂವರು ಪಂಡಿತರಲ್ಲಿ ನೀಲಕಂಠ ಶಾಸ್ತ್ರಿಗಳೂ ಒಬ್ಬರು. 1844-45ರ ಸುಮಾರಿಗೆ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ, ಅವರು ಬರೆದ ‘ಶಾಸ್ತ್ರತತ್ತ್ವವಿನಿರ್ಣಯ’ ಇಂದಿಗೂ ವಿದ್ವಾಂಸರ ಗಮನ ಸೆಳೆಯುವ ಕೃತಿ.

ಆದರೆ ಖಂಡಿಸಬೇಕಾದರೆ ಓದಬೇಕಷ್ಟೆ. ಹಾಗೆ ಸತ್ಯವೇದವನ್ನು ಓದಲು ಕುಳಿತ ಪಂಡಿತರನ್ನು ಯೇಸುವಿನ ಪರ್ವತ ಪ್ರಸಂಗ ಹಿಡಿದು ನಿಲ್ಲಿಸಿತು. ಶತ್ರುವನ್ನು ಪ್ರೀತಿಸು ಎನ್ನುವ, ಕಂಡವರ ಮುಂದೆ ಪ್ರದರ್ಶಿಸದ ಭಕ್ತಿಯನ್ನು ಮೆಚ್ಚುವ ಆ ಬೋಧನೆಗೆ ಅವರಲ್ಲಿ ಉತ್ತರವಿರಲಿಲ್ಲ. ಮೊದಲು ವಾದ ಕುಂದಿತು. ಬಳಿಕ ಪ್ರಶ್ನೆಗಳು ಬದಲಾದವು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ಇದು ನಿಜವೆಂದು ತೋರಿದ ಮೇಲೆ ಮುಂದೇನು?

ಅಂಜಿಕೆಗೆ ಕಾರಣವಿತ್ತು

ಇಂದು ಒಬ್ಬರ ಅಳುಕನ್ನು ನೋಡಿ ದುರ್ಬಲ ಮನಸ್ಸು ಎಂದು ಹೇಳಿಬಿಡುವುದು ಸುಲಭ. ನೀಲಕಂಠ ಶಾಸ್ತ್ರಿಗಳ ಮುಂದಿದ್ದ ಲೆಕ್ಕ ಬೇರೆ. ದೀಕ್ಷಾಸ್ನಾನ ಪಡೆದ ಕ್ಷಣದಿಂದ ಜಾತಿಯಿಂದ ಬಹಿಷ್ಕಾರ. ತಂದೆಯ ಮನೆಯಲ್ಲಿ ಊಟವಿಲ್ಲ, ಮದುವೆಮುಂಜಿಗಳಲ್ಲಿ ಸ್ಥಾನವಿಲ್ಲ. ಪತ್ನಿ ಜೊತೆಗೆ ಬರುವಳೋ ಇಲ್ಲವೋ ಗೊತ್ತಿಲ್ಲ. ಪಂಡಿತನೆಂಬ ಹೆಸರೇ ಅವರ ಆಸ್ತಿ. ಅದನ್ನು ಕೊಟ್ಟ ಸಮಾಜವೇ ಅದನ್ನು ಕಿತ್ತುಕೊಳ್ಳುತ್ತದೆ. ಮತ ಬದಲಿಸಿದವರು ಪಿತ್ರಾರ್ಜಿತ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು ಕಂಪೆನಿ ಆಡಳಿತದ ಎಲ್ಲ ಪ್ರದೇಶಗಳಿಗೂ ಅನ್ವಯಿಸುವ ಕಾಯಿದೆ ಬಂದದ್ದು 1850ರಲ್ಲಿ. ಆ ಕಾಯಿದೆಯೂ ಆಸ್ತಿಯನ್ನು ಉಳಿಸಿಕೊಡಬಲ್ಲದೇ ಹೊರತು ತಾಯಿಯ ಕೈತುತ್ತನ್ನು ಉಳಿಸಿಕೊಡಲಾರದು.

ಇದಕ್ಕಿಂತ ಆಳವಾದ ಇನ್ನೊಂದು ಅಂಜಿಕೆಯೂ ಇತ್ತು. ಅದು ತರ್ಕಶಾಸ್ತ್ರ ಓದಿದವರಿಗೆ ಸಹಜವಾದದ್ದು. ಒಂದು ವೇಳೆ ತಾನು ತಪ್ಪಿದ್ದರೆ? ಎಲ್ಲವನ್ನೂ ಬಿಟ್ಟು ಹೋದ ಮೇಲೆ ಹಿಡಿದದ್ದೂ ಕೈಜಾರಿದರೆ? ಬದ್ಧತೆಗೆ ಹೆದರುವವರಲ್ಲಿ ಎರಡು ಬಗೆಯಿದೆ. ಕಳೆದುಕೊಳ್ಳುವುದಕ್ಕೆ ಹೆದರುವವರು ಒಂದು ಬಗೆ, ತಪ್ಪಾದೀತೆಂದು ಹೆದರುವವರು ಇನ್ನೊಂದು ಬಗೆ. ಗೋರೆಯವರಿಗೆ ಎರಡೂ ಹೆದರಿಕೆಗಳಿದ್ದವು.

ಇಲ್ಲಿ ಸ್ಮಿತ್ ಅವರ ಪಾತ್ರ ಸ್ಮರಣೀಯ. ವಾದಕ್ಕೆ ಬಂದ ತರುಣನೊಂದಿಗೆ ಅವರು ವರ್ಷಗಳ ಕಾಲ ಮಾತುಕತೆ ನಡೆಸಿದರು. ಆ ಮಾತುಕತೆಗಳ ವಿವರವನ್ನು ಸ್ಮಿತ್ 1850ರಲ್ಲಿ ಲಂಡನ್ನಿನಲ್ಲಿ ‘ದ್ವಿಜ’ ಎಂಬ ಹೆಸರಿನ ಪುಸ್ತಕವಾಗಿ ಪ್ರಕಟಿಸಿದರು. ಎರಡು ಬಾರಿ ಹುಟ್ಟಿದವನು ಎಂಬ ಬ್ರಾಹ್ಮಣ್ಯದ ಪದವನ್ನೇ ಅವರು ಹೊಸ ಹುಟ್ಟಿನ ಕ್ರೈಸ್ತ ಅರ್ಥಕ್ಕೆ ಬಳಸಿಕೊಂಡದ್ದು ಕುತೂಹಲಕರ.

ಕೊನೆಗೆ 1848ರ ಮಾರ್ಚ್ 14ರಂದು ನೀಲಕಂಠ ಶಾಸ್ತ್ರಿಗಳು ದೀಕ್ಷಾಸ್ನಾನ ಪಡೆದರು. ಅದು ನಡೆದದ್ದು ಕಾಶಿಯಲ್ಲಲ್ಲ, ಸಮೀಪದ ಜೌನ್‌ಪುರದಲ್ಲಿ. ಪಾಳುಬಿದ್ದ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನ ಹೆಸರನ್ನು ಅವರು ತಮ್ಮದಾಗಿಸಿಕೊಂಡರು. ಖಂಡನಗ್ರಂಥ ಬರೆದ ಮೂರು ನಾಲ್ಕು ವರ್ಷಗಳೊಳಗೆ ಅದರ ಕರ್ತೃವೇ ಈ ಕಡೆಗೆ ಬಂದದ್ದು ಕಾಶಿಯ ಪಂಡಿತವರ್ಗಕ್ಕೆ ದೊಡ್ಡ ಆಘಾತವೇ ಸರಿ.

ಹೆಜ್ಜೆ ಇಟ್ಟ ಮೇಲೂ ಸಂಶಯ

ಇಂಥ ಕಥೆಗಳು ಸಾಮಾನ್ಯವಾಗಿ ದೀಕ್ಷೆಯ ದಿನಕ್ಕೇ ಮುಗಿಯುತ್ತವೆ. ಗೋರೆಯವರದು ಅಲ್ಲಿಂದ ಆರಂಭವಾಗುತ್ತದೆ. ಪತ್ನಿ ಲಕ್ಷ್ಮೀಬಾಯಿ ಮುಂದೆ ಅವರೊಂದಿಗೆ ಬಂದು ಸೇರಿದರೂ ಆ ಸಂಸಾರಕ್ಕೆ ಆಯುಷ್ಯವಿರಲಿಲ್ಲ. 1853ರ ಸೆಪ್ಟೆಂಬರ್ 11ರಂದು ಕಾಶಿಯಲ್ಲಿ ಮಗಳು ಎಲೆನ್ ಲಕ್ಷ್ಮೀ ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ತಾಯಿ ತೀರಿಕೊಂಡರು. ಮಗು ಪರರ ಮನೆಯಲ್ಲಿ ಬೆಳೆಯಬೇಕಾಯಿತು. ಮುಂದೆ ಇಂಗ್ಲೆಂಡಿನಲ್ಲಿ ಬೆಳೆದ ಎಲೆನ್ 1880ರಲ್ಲಿ ಭಾರತಕ್ಕೆ ಮರಳಿ ಸೇವೆಗೆ ನಿಂತರು. ಅವರು ಇಂಗ್ಲಿಷಿನಲ್ಲಿ ರಚಿಸಿದ ಭಕ್ತಿಗೀತೆ ಲೋಕದ ಅನೇಕ ಸಭೆಗಳಲ್ಲಿ ಹಾಡಲ್ಪಟ್ಟಿತು.

1854ರಲ್ಲಿ ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ಇಂಗ್ಲೆಂಡಿಗೆ ಹೋದಾಗ ಗೋರೆಯವರೂ ಅವರ ಪರಿವಾರದಲ್ಲಿದ್ದರು. ಕ್ರೈಸ್ತ ದೇಶವೆಂದು ಕೇಳಿದ್ದ ಇಂಗ್ಲೆಂಡನ್ನು ಕಣ್ಣಾರೆ ಕಂಡಾಗ ಅವರಿಗಾದದ್ದು ದುಃಖ. ಆ ಪಂಡಿತ ಕಣ್ಣೀರು ತುಂಬಿಕೊಂಡು ತನ್ನಲ್ಲಿಗೆ ಬಂದುದನ್ನೂ, ಲಂಡನ್ನಿನಲ್ಲಿ ಕಂಡದ್ದೇ ಕ್ರೈಸ್ತ ಮತವಾದರೆ ತನಗದು ಬೇಡವೆಂದು ನೊಂದು ನುಡಿದುದನ್ನೂ ಆಕ್ಸ್‌ಫರ್ಡಿನ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ತಂದೆತಾಯಿ, ಜಾತಿ, ಊರು ಎಲ್ಲವನ್ನೂ ತೆತ್ತು ಕೊಂಡದ್ದು ಇದನ್ನೇ ಏನು ಎಂಬ ಪ್ರಶ್ನೆ ಯಾರನ್ನಾದರೂ ಮುರಿದುಬಿಡಬಹುದಿತ್ತು.

ಗೋರೆಯವರು ಮುರಿಯಲಿಲ್ಲ. ಹಿಂದಿರುಗಿ ಬಂದು ಮತ್ತೆ ಓದು, ಬರವಣಿಗೆ, ಬೋಧನೆಗೆ ತೊಡಗಿದರು. ಆರು ದರ್ಶನಗಳನ್ನು ವಿಮರ್ಶಿಸುವ ಅವರ ಹಿಂದಿ ಕೃತಿ ‘ಷಡ್ದರ್ಶನ ದರ್ಪಣ’ 1860ರಲ್ಲಿ ಹೊರಬಂತು. 1862ರಲ್ಲಿ ಫಿಟ್ಸ್ಎಡ್ವರ್ಡ್ ಹಾಲ್ ಅದನ್ನು ಇಂಗ್ಲಿಷಿಗೆ ತಂದರು. ದೀಕ್ಷೆಯಾಗಿ 20 ವರ್ಷಗಳ ಬಳಿಕ, 1868ರಲ್ಲಿ, ಅವರು ಡೀಕನ್ ಆದರು. 1870ರಲ್ಲಿ ಗುರುದೀಕ್ಷೆ ಪಡೆದರು. ಇಪ್ಪತ್ತು ವರ್ಷ ಎಂಬುದನ್ನು ಗಮನಿಸಬೇಕು. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಅವರು ತೆಗೆದುಕೊಂಡ ಕಾಲ ಅದು.

1876ರ ವೇಳೆಗೆ ಅವರು ಮತ್ತೆ ಇಂಗ್ಲೆಂಡಿಗೆ ಹೋಗಿ, ಕೌಲಿ ಫಾದರ್ಸ್ ಎಂದು ಹೆಸರಾದ ಸಂತ ಯೋಹಾನರ ಸನ್ಯಾಸಿ ಸಂಘದಲ್ಲಿ ಅಭ್ಯರ್ಥಿಯಾಗಿ ಸೇರಿದರು. ಪುಣೆ, ಪಂಢರಾಪುರ, ಮುಂಬಯಿಗಳಲ್ಲಿ ದುಡಿದರು. ಸನ್ಯಾಸಿಯಂತೆಯೇ ಬದುಕಿದರು. ಆದರೆ ಆ ಸಂಘದ ಜೀವಾವಧಿ ಪ್ರತಿಜ್ಞೆಯನ್ನು ಮಾತ್ರ ಕೊನೆಯವರೆಗೂ ಸ್ವೀಕರಿಸಲಿಲ್ಲ. ಕೊಟ್ಟ ಮಾತನ್ನು ಪೂರ್ಣವಾಗಿ ನಡೆಸಲಾಗದಿದ್ದರೆ ಎಂಬ ಅತಿಸೂಕ್ಷ್ಮ ಮನಸ್ಸಾಕ್ಷಿ ಅವರದು. ಪ್ರತಿಜ್ಞೆ ಮಾಡಲು ಅಂಜಿದ ಇವರು ಪ್ರತಿಜ್ಞೆ ಮಾಡಿದವರಂತೆಯೇ ಬಾಳಿ, 1895ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು. ದೀಕ್ಷೆ ಪಡೆದು ಅಷ್ಟರಲ್ಲಿ 47 ವರ್ಷಗಳಾಗಿದ್ದವು.

ಅದೇ ವರ್ಷ ಹುಟ್ಟಿದ ಮಂಗಳೂರಿಗ

ಗೋರೆಯವರು ಹುಟ್ಟಿದ 1825ರಲ್ಲೇ ದಕ್ಷಿಣ ಕನ್ನಡದ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಆನಂದರಾವ್ ಕೌಂಡಿನ್ಯ ಹುಟ್ಟಿದರೆಂಬುದು ಕಾಕತಾಳೀಯ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಅವರ ಇಂಗ್ಲಿಷ್ ಶಾಲೆಯಲ್ಲಿ ಓದಿದ ಈ ತರುಣ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಇಡೀ ಊರೇ ಕದಡಿಹೋಯಿತು. ಪತ್ನಿ ಜೊತೆಗೆ ಬರಲಿಲ್ಲ. ಗುರುಗಳ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡ ಅವರು 1846ರಿಂದ 1851ರವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ದೈವಜ್ಞಾನ ಕಲಿತು ಪಾದ್ರಿಯಾಗಿ ಊರಿಗೆ ಮರಳಿದರು. 1860ರಲ್ಲಿ ಜರ್ಮನ್ ಮಹಿಳೆ ಮರೀ ರೈನ್‌ಹಾರ್ಟ್ ಅವರನ್ನು ವಿವಾಹವಾದರು. 1893ರಲ್ಲಿ ತೀರಿಕೊಳ್ಳುವವರೆಗೂ ಮಂಗಳೂರು ಮತ್ತು ಕೊಡಗಿನ ಸಭೆಗಳಿಗಾಗಿ ದುಡಿದರು. ಕೊಡಗಿನ ಆನಂದಪುರ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಒಬ್ಬರು ಹದಿನೆಂಟರ ಹರೆಯದಲ್ಲಿ ಒಮ್ಮೆಲೇ ದಾಟಿದರು. ಇನ್ನೊಬ್ಬರು ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಮೆಟ್ಟಿಲಿನಲ್ಲೂ ನಿಂತು ಯೋಚಿಸುತ್ತ ದಾಟಿದರು. ಇಬ್ಬರೂ ಐದು ದಶಕಗಳಷ್ಟು ಕಾಲ ಹಿಡಿದ ದಾರಿಯಲ್ಲೇ ಉಳಿದರು. ಬೇಗನೆ ನಿರ್ಧರಿಸಿದವರ ನಂಬಿಕೆ ಗಟ್ಟಿ, ತಡೆದು ನಿರ್ಧರಿಸಿದವರದು ಸಡಿಲ ಎಂಬ ಮಾತಿಗೆ ಇವರ ಬದುಕಿನಲ್ಲಿ ಆಧಾರ ಸಿಗುವುದಿಲ್ಲ.

ಬಾಸೆಲ್ ಮಿಶನ್ನಿನ ಅನುಭವದಿಂದ ಇನ್ನೊಂದು ಪಾಠವೂ ಇದೆ. ಜಾತಿಯಿಂದ ಹೊರಬಿದ್ದವರಿಗೆ ಉಪದೇಶವೊಂದೇ ಸಾಲದು, ಅನ್ನದ ದಾರಿಯೂ ಬೇಕೆಂದು ಕಂಡುಕೊಂಡ ಮಿಶನರಿಗಳು ನೇಕಾರಿಕೆ, ಮುದ್ರಣ, ಹಂಚಿನ ಕೈಗಾರಿಕೆಗಳನ್ನು ಬೆಳೆಸಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಕರಾವಳಿಯ ಮನೆಗಳ ಮಾಡನ್ನೇ ಬದಲಿಸಿತು. ಅಂಜುವವನಿಗೆ ಧೈರ್ಯ ಹೇಳುವ ಸಭೆ ಅವನ ನಾಳಿನ ಊಟದ ಬಗೆಗೂ ಯೋಚಿಸಬೇಕೆಂಬುದನ್ನು ಆ ಹಂಚುಗಳು ಇಂದಿಗೂ ನೆನಪಿಸುತ್ತವೆ.

ಗಂಗಾಮೂಲದ ರಮಾಬಾಯಿ

ಗೋರೆಯವರ ಮಾತಿನಿಂದ ಪ್ರಭಾವಿತರಾದವರಲ್ಲಿ ಅಗ್ರಗಣ್ಯರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು. ರಮಾಬಾಯಿ 1858ರ ಏಪ್ರಿಲ್ 23ರಂದು ಹುಟ್ಟಿದ್ದು ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ತಂದೆ, ತಾಯಿ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡು ಪುಟ್ಟ ಮಗಳೊಂದಿಗೆ ಪುಣೆಗೆ ಬಂದ ಈ ವಿದುಷಿ 1883ರಲ್ಲಿ ಇಂಗ್ಲೆಂಡಿಗೆ ಹೊರಟಾಗ ತಾನು ಮತ ಬದಲಿಸುವವಳಲ್ಲ ಎಂದೇ ಹೇಳಿದ್ದರು. ಅಲ್ಲಿದ್ದಾಗ ಭಾರತದಿಂದ ಗೋರೆಯವರು ಬರೆದು ಕಳುಹಿಸಿದ ವಿಚಾರಗಳು ಅವರ ಬೌದ್ಧಿಕ ಸಂಶಯಗಳನ್ನು ಪರಿಹರಿಸಿದವು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳು ಮನೋರಮಾಳೊಂದಿಗೆ ಅವರು ದೀಕ್ಷಾಸ್ನಾನ ಪಡೆದರು.

ಕುತೂಹಲದ ಸಂಗತಿಯೆಂದರೆ, ದೀಕ್ಷೆಯ ನಂತರದ ಸುಮಾರು ಎಂಟು ವರ್ಷಗಳ ಬಗ್ಗೆ ರಮಾಬಾಯಿಯವರೇ ತಮ್ಮ ಆತ್ಮಸಾಕ್ಷ್ಯದಲ್ಲಿ ಬರೆದುಕೊಂಡಿದ್ದಾರೆ. ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಆದರೆ ಕ್ರಿಸ್ತನು ಸಿಕ್ಕಿರಲಿಲ್ಲ ಎಂಬುದು ಅದರ ಸಾರ. ಮುಂಬಯಿಯಲ್ಲಿ 1889ರ ಮಾರ್ಚ್ 11ರಂದು ವಿಧವೆಯರಿಗಾಗಿ ಶಾರದಾ ಸದನ ತೆರೆದು ದುಡಿಯುತ್ತಿದ್ದ ದಿನಗಳೂ ಈ ಅವಧಿಯಲ್ಲೇ ಸೇರಿವೆ. ಮನಸ್ಸಿಗೆ ನೆಮ್ಮದಿ ಬರುವ ತನಕ ಅವರು ಕೆಲಸವನ್ನು ಕಾಯಿಸಲಿಲ್ಲ. ಕೆಲಸ ಮಾಡುತ್ತ ಮಾಡುತ್ತಲೇ ನಂಬಿಕೆ ಬಲಿಯಿತು. ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ ಆಸರೆಯಾದ ಕೇಡಗಾಂವಿನ ಮುಕ್ತಿ ಸದನವನ್ನು ನಡೆಸುತ್ತ, ಸತ್ಯವೇದವನ್ನು ಮರಾಠಿಗೆ ಅನುವಾದಿಸುತ್ತ, 1922ರ ಏಪ್ರಿಲ್ 5ರಂದು ಅವರು ಕಣ್ಮುಚ್ಚಿದರು.

ಇಂದಿನ ಕಾಶಿಯಲ್ಲಿ

ಕಾಶಿಯಲ್ಲಿ ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. 1941ರಲ್ಲಿ ಫಾದರ್ ಗ್ಯಾಸ್ಪರ್ ಪಿಂಟೊ ಇಲ್ಲಿ ಸ್ಥಾಪಿಸಿದ ಇಂಡಿಯನ್ ಮಿಶನರಿ ಸೊಸೈಟಿಯ ಗುರುಗಳು ನಗರದ ಹೊರವಲಯದಲ್ಲಿ ಮಾತೃಧಾಮ ಎಂಬ ಆಶ್ರಮ ನಡೆಸುತ್ತಾರೆ. 1990ರ ದಶಕದಿಂದ ಅಲ್ಲಿಗೆ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಮಂದಿ, ಅದರಲ್ಲೂ ಬಡ ಮಹಿಳೆಯರು, ಪ್ರಾರ್ಥನೆಗೆ ಬರತೊಡಗಿದರು. ಇವರು ‘ಖ್ರಿಸ್ತ ಭಕ್ತ’ರೆಂದು ಕರೆಯಲ್ಪಡುತ್ತಾರೆ. ಯೇಸುವನ್ನು ಪೂಜಿಸುವ ಇವರಲ್ಲಿ ಬಹುಪಾಲು ಮಂದಿ ಜ್ಞಾನಸ್ನಾನ ಪಡೆದವರಲ್ಲ. ಈ ಭಕ್ತರ ಬಗ್ಗೆ ಅಮೆರಿಕದ ವಿದ್ವಾಂಸ ಕೆರ್ರಿ ಸ್ಯಾನ್ ಚಿರಿಕೊ ಅವರ ಅಧ್ಯಯನ ಗ್ರಂಥ 2023ರಲ್ಲಿ ಪ್ರಕಟವಾಗಿದೆ.

ಇದನ್ನು ಅಂಜಿಕೆ ಎನ್ನಬೇಕೇ, ವಿವೇಕ ಎನ್ನಬೇಕೇ, ಅಥವಾ ಭಕ್ತಿಯ ಇನ್ನೊಂದು ರೀತಿ ಎನ್ನಬೇಕೇ? ಹೊರಗಿನವರು ಅವಸರದಲ್ಲಿ ತೀರ್ಪು ಕೊಡುವಂತಿಲ್ಲ. ಮನೆ, ಜಾತಿ, ಊರಿನ ಒತ್ತಡದೊಂದಿಗೆ ಈಗ ಕಾನೂನಿನ ಕ್ರಮಗಳೂ ಇವೆ. 2021ರ ಉತ್ತರ ಪ್ರದೇಶದ ಕಾಯಿದೆಯಂತೆ ಮತ ಬದಲಿಸುವವರು 60 ದಿನ ಮೊದಲೇ ಜಿಲ್ಲಾಡಳಿತಕ್ಕೆ ಘೋಷಣೆ ಸಲ್ಲಿಸಬೇಕು. ಯೋಹಾನನ ಸುವಾರ್ತೆಯಲ್ಲಿ ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದ ನಿಕೊದೇಮನೆಂಬ ಪಂಡಿತನಿದ್ದಾನೆ. ಯೇಸು ಅವನನ್ನು ಹಗಲಿನಲ್ಲಿ ಬಾ ಎಂದು ಹಿಂದಕ್ಕೆ ಕಳುಹಿಸಲಿಲ್ಲ, ಕುಳ್ಳಿರಿಸಿ ಮಾತನಾಡಿದ. ಶಿಲುಬೆಯಿಂದ ಇಳಿಸಿದ ದೇಹಕ್ಕೆ ಸುಗಂಧದ್ರವ್ಯ ತಂದವರಲ್ಲಿ ಅದೇ ನಿಕೊದೇಮನೂ ಇದ್ದ ಎಂಬುದನ್ನು ಮರೆಯುವಂತಿಲ್ಲ.

ಹುಟ್ಟು ಕ್ರೈಸ್ತರಿಗೂ ಅನ್ವಯ

ಇದು ಮತ ಬದಲಿಸುವವರ ಸಮಸ್ಯೆ ಮಾತ್ರ ಎಂದು ಹುಟ್ಟು ಕ್ರೈಸ್ತರು ತಿಳಿದುಕೊಂಡರೆ ತಪ್ಪಾದೀತು. ಕೈಗೂಸಾಗಿದ್ದಾಗ ಹೆತ್ತವರು ತಂದು ದೀಕ್ಷಾಸ್ನಾನ ಮಾಡಿಸಿದ ಮಗು, ದೃಢೀಕರಣದ ವಯಸ್ಸಿಗೆ ಬಂದಾಗ ಅದೇ ಮಾತನ್ನು ತನ್ನ ಬಾಯಿಂದ ಹೇಳಬೇಕು. ಅಲ್ಲಿ ಅನೇಕರಿಗೆ ನಾಲಗೆ ಕಟ್ಟುತ್ತದೆ. ಹಬ್ಬಕ್ಕೆ ಬರುವುದು ಸುಲಭ. ಭಾನುವಾರ ಶಾಲೆಯ ಮಕ್ಕಳ ಹೊಣೆ ಹೊರುವುದು, ಗಾಯನ ತಂಡಕ್ಕೆ ವಾರವಾರವೂ ಬರುತ್ತೇನೆಂದು ಮಾತು ಕೊಡುವುದು, ಕಾಯಿಲೆಯವರ ಮನೆಗೆ ಹೋಗುವುದು ಕಷ್ಟ. ಊರು ಬಿಟ್ಟು ಮುಂಬಯಿಗೆ ಬಂದ ಯುವಕರಿಗಂತೂ ಪಾಳಿಯ ಕೆಲಸ, ಲೋಕಲ್ ರೈಲಿನ ಧಾವಂತ, ಬಾಡಿಗೆ ಮನೆಯ ಬದಲಾವಣೆಗಳ ನಡುವೆ ಯಾವುದಕ್ಕೂ ಕಟ್ಟಿಕೊಳ್ಳದಿರುವುದೇ ಕ್ಷೇಮವೆಂದು ತೋರುವುದು ಸಹಜ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಲೂಕನ ಸುವಾರ್ತೆಯ ಸಾಮ್ಯದಲ್ಲಿ ಯೇಸುವೇ ಹೇಳಿದ್ದಾನೆ. ಹಾಗಾಗಿ ಲೆಕ್ಕ ಹಾಕುವುದು ಅವಿಶ್ವಾಸವಲ್ಲ. ಆದರೆ ಲೆಕ್ಕದ ಪುಸ್ತಕವನ್ನು ಎಂದಾದರೂ ಮುಚ್ಚಿ ಮೊದಲ ಕಲ್ಲು ಇಡಲೇಬೇಕು. ಗೋರೆಯವರು ಲೆಕ್ಕ ಹಾಕಿದರು, ಪ್ರಶ್ನೆ ಕೇಳಿದರು, ತಾಳ್ಮೆಯುಳ್ಳ ಹಿರಿಯರೊಬ್ಬರ ಬಳಿ ಮನಸ್ಸು ತೆರೆದರು, ತಮ್ಮ ಶಕ್ತಿಗೆ ಸಾಧ್ಯವಾದ ಹೆಜ್ಜೆಯನ್ನು ಇಟ್ಟರು. ಮರುದಿನ ಮತ್ತೆ ಸಂಶಯ ಬಂದಾಗ ಹೆಜ್ಜೆಯನ್ನು ಹಿಂದೆಗೆಯಲಿಲ್ಲ. ಸಂಶಯವನ್ನೂ ಜೊತೆಗೇ ಕರೆದುಕೊಂಡು ನಡೆದರು.

ಯುವಕರಿಗೆ ಹಿರಿಯರು ಮಾಡಬಹುದಾದದ್ದೂ ಇಷ್ಟೇ. ಅವಸರಪಡಿಸದೆ, ಗದರಿಸದೆ, ಪ್ರಶ್ನೆ ಕೇಳಲು ಬಿಟ್ಟು, ಸಣ್ಣದೊಂದು ಹೊಣೆಯನ್ನು ಕೈಗಿತ್ತು ಪಕ್ಕದಲ್ಲಿ ನಿಲ್ಲುವುದು. ಒಂದು ತಿಂಗಳ ಮಾತು ಉಳಿಸಿಕೊಂಡವನಿಗೆ ಒಂದು ವರ್ಷದ ಮಾತು ಕೊಡುವ ಧೈರ್ಯ ಬರುತ್ತದೆ. ಯಾವ ಮತದವರೇ ಇರಲಿ, ಮದುವೆಗಿರಲಿ, ಸಂಘಸಂಸ್ಥೆಯ ಕೆಲಸಕ್ಕಿರಲಿ, ದೇವರ ಸೇವೆಗಿರಲಿ, ಮಾತು ಕೊಡಲು ಅಂಜುವವರೆಲ್ಲ ಇದನ್ನು ಮನಗಾಣಬಹುದು. ಮುಂದಿನ ಸಲ ಕಾಶಿಯಾತ್ರೆಗೆ ಹೋಗುವವರು ಸಿಗ್ರಾದ ಹಾದಿಯಲ್ಲಿ ಸಾಗುವಾಗ, ವಾದ ಗೆಲ್ಲಲು ಅಲ್ಲಿಗೆ ಬಂದ ಆ ತರುಣ ಪಂಡಿತನನ್ನು ಒಮ್ಮೆ ನೆನೆದರೆ ಯಾತ್ರೆಯ ಪುಣ್ಯಕ್ಕೇನೂ ಕೊರತೆಯಾಗದು.